ಅವಳ ಮೊದಲ ಗಂಡನ ಕಣ್ಣೀರು, ನನ್ನ ಟೈಪ್‌ರೈಟರ್

ನಾನು ಮದುವೆಯಾಗಬೇಕೆಂದಿದ್ದ ಹೆಂಗಸಿಗೆ ಆಗಲೇ ಒಬ್ಬ ಗಂಡ ಆಗಿಹೋಗಿದ್ದ. ಅವನು ಇನ್ನೊಬ್ಬಳ ಜೊತೆ ಇರತೊಡಗಿದ ಮೇಲೆ ಕೋರ್ಟು ಇವಳಿಗೆ ಬಿಡುಗಡೆ ಕೊಟ್ಟಿತ್ತು, ಚರ್ಚು ಕೊಟ್ಟಿರಲಿಲ್ಲ. ನಾವಿಬ್ಬರೂ ಕಥೋಲಿಕರು. ಆ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಬಿಷಪ್ಪರ ಕಚೇರಿ ತೀರ್ಪು ಕೊಡುವವರೆಗೆ ಯಾವ ಪಾದ್ರಿಯೂ ನಮ್ಮ ಮದುವೆ ಮಾಡಿಸುವಂತಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ಅವಳು ದಾವಣಗೆರೆಯಲ್ಲಿ ನರ್ಸು, ನಾನು ಹತ್ತಿ ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟು.

ಆ ಗಂಡನಿಗೆ ಹರಿಹರದಲ್ಲಿ ಸೈಕಲ್ ಶಾಪ್ ಇತ್ತು. ಅವನನ್ನು ನೋಡಲೇಬೇಕೆನಿಸಿ ಒಂದು ಭಾನುವಾರ ಅಲ್ಲಿಯವರೆಗೆ ಸೈಕಲ್ ತುಳಿದೆ. ಅಂಗಡಿಗೆ ನೂರು ಗಜ ದೂರದಲ್ಲಿ ನಾನೇ ಚಕ್ರದ ಗಾಳಿ ಬಿಟ್ಟು, ತಳ್ಳಿಕೊಂಡು ಹೋಗಿ ನಿಂತೆ. ಹಾಳಾದವನು ನನಗಿಂತ ಒಂದು ಗೇಣು ಎತ್ತರ. ಗಾಳಿ ಹೊಡೆಯುವಾಗ ತೋಳು ಹಲಸಿನಕಾಯಿಯಂತೆ ಉಬ್ಬುತ್ತಿತ್ತು. ಸಾಲದ್ದಕ್ಕೆ, ಬಿಸಿಲಲ್ಲಿ ಬಂದಿದ್ದೀರೆಂದು ಕುಡಿಯಲು ನೀರು ಬೇರೆ ಕೊಟ್ಟ. ವಾಪಸು ಬರುವಾಗ ನಾನು ಎರಡು ಸಲ ಬಿದ್ದೆ. ರಸ್ತೆಯ ತಪ್ಪೇನೂ ಇರಲಿಲ್ಲ.

ಆ ಮದುವೆಯ ಕತೆಯನ್ನೆಲ್ಲ ಮೊದಲಿನಿಂದ ಬರೆದುಕೊಡಲು ನಮ್ಮ ಚರ್ಚಿನ ಫಾದರ್ ಅವಳಿಗೆ ಹೇಳಿದ್ದರು. ಅವಳು ಕನ್ನಡದಲ್ಲಿ ಎಂಟು ಹಾಳೆ ಬರೆದಳು. ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಲಿಯ ಕೈಗೆ ಚೀಲ ಹೊಲಿಯಲು ಕೊಟ್ಟಂತಾಯಿತು. ಅವನು ಮಲ್ಲಿಗೆ ತಂದ ಎಂದು ಅವಳು ಬರೆದಿದ್ದರೆ ನಾನು ‘ಏನೋ ಸೊಪ್ಪು ತಂದ’ ಎಂದು ಟೈಪ್ ಮಾಡಿದೆ.

ಐದನೇ ಹಾಳೆಯಲ್ಲಿ ನನ್ನ ಬೆರಳುಗಳು ನಿಂತೇಬಿಟ್ಟವು. ಮದುವೆಯ ಹಿಂದಿನ ದಿನ ಅವನು ಇವಳ ಮನೆಯ ಹಿತ್ತಿಲಿಗೆ ಬಂದು ಅತ್ತಿದ್ದನಂತೆ. ತನ್ನ ಮನಸ್ಸು ಬೇರೊಬ್ಬಳ ಮೇಲಿದೆ, ಅಪ್ಪ ವಿಷ ಕುಡಿಯುತ್ತೇನೆಂದು ಹೆದರಿಸಿದ್ದಕ್ಕೆ ಒಪ್ಪಿದ್ದೇನೆ ಎಂದನಂತೆ. ಇವಳು ಸೆರಗಿನಿಂದ ಅವನ ಕಣ್ಣು ಒರೆಸಿದಳಂತೆ.

ಸೆರಗಿನಿಂದ! ಎರಡು ವರ್ಷದ ಪರಿಚಯದಲ್ಲಿ ಆ ಸೆರಗು ನನಗೆ ತಾಗಿದ್ದು ಒಮ್ಮೆ, ಅದೂ ಬಸ್ಸಿನ ನೂಕುನುಗ್ಗಲಿನಲ್ಲಿ. ಆ ಹಾಳೆಯನ್ನು ಪೂರ್ತಿ ಬಿಟ್ಟೆ. ಅದರ ಬದಲು, ಆಮೇಲೆ ಅವನು ಮನೆ ಬಿಟ್ಟುಹೋದದ್ದನ್ನು ಮೂರು ಪುಟ ಉಬ್ಬಿಸಿ ಬರೆದೆ. ನನ್ನ ಮೇಲಿನ ನಂಬಿಕೆಯಿಂದ ಅವಳು ಓದದೆ ಸಹಿ ಹಾಕಿದಳು.

ಒಂದು ತಿಂಗಳಿಗೆ ಫಾದರ್ ಇಬ್ಬರನ್ನೂ ಕರೆಸಿದರು. ಕಾಗದಗಳು ಬಿಷಪ್ಪರ ಕಚೇರಿಯಿಂದ ವಾಪಸು ಬಂದಿದ್ದವು.

“ಇದ್ರಾಗೆ ಬರೇ ಮದುವಿ ಆದಮ್ಯಾಲಿನ ಕತಿ ಐತೆ,” ಎಂದರು. “ಗಂಡ ಕೆಟ್ಟೋನು ಅಂತ ಚರ್ಚು ಮದುವಿ ತೆಗೆದುಹಾಕಲ್ಲ. ಒಪ್ಪಿಗಿ ಕೊಡೋ ಹೊತ್ನಾಗೆ ಅವನಿಗೆ ಮನಸ್ಸು ಇತ್ತೋ ಇಲ್ಲೋ, ಅದು ಬೇಕು.”

“ಅದನ್ನ ಬರ್ದೀನಲ್ರಿ ಫಾದರ್, ಐದನೇ ಹಾಳ್ಯಾಗೆ.”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗೋಡೆಯ ಶಿಲುಬೆಯನ್ನು ನೋಡಿದೆ. ಅಲ್ಲಿಂದಲೂ ಸಹಾಯ ಬರಲಿಲ್ಲ. ಸೆರಗಿನ ವಿಷಯ ಬಾಯಿಬಿಟ್ಟೆ. ಫಾದರ್ ಕೆಮ್ಮಿದರು, ನಗು ನುಂಗಿದ್ದಿರಬೇಕು.

ಅವಳು ನಗಲಿಲ್ಲ. ಹೊರಗೆ ಬಂದ ಮೇಲೆ ಹೇಳಿದಳು: “ಅವತ್ತು ಅತ್ತೋನು ಅವನೊಬ್ನೇ ಅಂತ ತಿಳ್ಕಂಡೀರೇನು? ನನ್ನ ಕಣ್ಣು ಯಾರೂ ಒರೆಸ್ಲಿಲ್ರಿ.”

ಮರುದಿನ ಮಿಲ್ಲಿನ ಊಟದ ಬಿಡುವಿನಲ್ಲಿ ಆ ಹಾಳೆಯನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಸೆರಗು ಬಂದಾಗ ಎಷ್ಟು ಜೋರಾಗಿ ಒತ್ತಿದೆನೆಂದರೆ ಕಾಗದ ತೂತುಬಿತ್ತು. ಮತ್ತೆ ಮಾಡಿದೆ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಅವನ ಹೇಳಿಕೆಯೂ ಬೇಕಿತ್ತು. ನನ್ನ ಮದುವೆ ಆಗಬೇಕಾದರೆ ಅವನು ಒಳ್ಳೆಯವನಾಗಿರಲೇಬೇಕಿತ್ತು. ಆ ಮಹಾರಾಯ ಹಾಗೆಯೇ ಇದ್ದ: ಅಂಗಡಿ ಮುಚ್ಚಿ ಬಂದು, ಹೌದು, ಅತ್ತಿದ್ದೆ, ಮನಸ್ಸಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ಒಂದೂವರೆ ವರ್ಷಕ್ಕೆ ತೀರ್ಪು ನಮ್ಮ ಪರವಾಗಿ ಬಂತು.

ಹರಿಹರಕ್ಕೆ ಹೋಗಿ ಅವನಿಗೊಂದು ಉಪಕಾರದ ಮಾತು ಹೇಳಿಬನ್ನಿ ಎಂದು ಹೆಂಡತಿ ಈಗಲೂ ಅನ್ನುತ್ತಾಳೆ. ನಾನು ಹೋಗಿಲ್ಲ. ಹೋದರೆ ಅವನು ನನ್ನನ್ನು ಕೂರಿಸಿ ಚಹಾ ಕುಡಿಸುತ್ತಾನೆ. ಅದನ್ನು ನಾನು ತಾಳಲಾರೆ.