ಬದರಿಯವರ ಎರಡು ಕಾರ್ತಿಕ

ಕೇದಾರ ಘಾಟಿನ ಮೇಲಿನ ಆ ಗಲ್ಲಿಗೆ ಬೆಳಗು ಬಟ್ಟೆ ಬಡಿಯುವ ಸದ್ದಿನೊಂದಿಗೆ ಬರುತ್ತದೆ. ಕೆಳಗೆ ನೀರಿನಂಚಿನಲ್ಲಿ ಧೋಬಿಗಳು ಸಾಲಾಗಿ ನಿಂತು ಲಾಡ್ಜುಗಳ ಚಾದರಗಳನ್ನು ಕಲ್ಲಿಗೆ ಒಗೆಯುತ್ತಾರೆ. ಒಂದು ಬಡಿತ, ಅದರ ಬೆನ್ನಿಗೇ ಒಂದು ಉಸಿರು, ಮತ್ತೆ ಬಡಿತ. ಮೂರನೆಯ ಮಾಳಿಗೆಯ ಕಿಟಕಿಯ ಪಕ್ಕದಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತ ಬದರಿಯವರು ಆ ಸದ್ದಿಗೆ ಸರಿಯಾಗಿಯೇ ಮೌಸ್ ಒತ್ತುತ್ತಾರೆ ಎಂದು ಮಗಳು ಶ್ರೀರಮಾ ಚೇಷ್ಟೆ ಮಾಡುತ್ತಾಳೆ.

ಬದರಿಯವರಿಗೆ ಐವತ್ತೆರಡು. ಅವರ ಮುತ್ತಜ್ಜ ಲಿಂಗಸುಗೂರಿನ ಕಡೆಯಿಂದ ಬಂದು, ಕಾಶಿಗೆ ಬರುವ ಕನ್ನಡದವರಿಗೆ ಪಿತೃಕಾರ್ಯ ಮಾಡಿಸುತ್ತ ಇಲ್ಲಿಯೇ ಉಳಿದವರು. ಆ ಕೆಲಸವನ್ನು ಈಗ ಅಣ್ಣ ಶೇಷಗಿರಿ ನಡೆಸುತ್ತಾರೆ. ಬದರಿಯವರಿಗೆ ಮಂತ್ರವೆಲ್ಲ ಬಾಯಿಗೆ ಬರುತ್ತದೆ, ಆದರೆ ಹೊಗೆ ಎದೆಗೆ ಆಗುವುದಿಲ್ಲ. ಹಾಗಾಗಿ ಅವರು ಕಂಟೋನ್ಮೆಂಟಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಮೇಜು ಹಿಡಿದರು. ಯಾತ್ರಿಕರಿಗೆ ರೂಮು, ರೈಲು, ದೋಣಿ ಹೊಂದಿಸುವ ಕೆಲಸ. ಮನೆಯ ವೃತ್ತಿಯಲ್ಲಿ ಅವರ ಪಾಲಿಗೆ ಉಳಿದದ್ದು ಒಂದೇ, ಕರೆಯುವ ಕೆಲಸ. ಕರ್ನಾಟಕದ ಎಷ್ಟೋ ಮನೆಯವರು ಈಗ ತಮ್ಮವರ ವರ್ಷದ ಶ್ರಾದ್ಧವನ್ನು ಇಲ್ಲಿ ಶೇಷಗಿರಿಯವರಿಂದ ಮಾಡಿಸಿ, ತಾವು ಊರಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಾರೆ. ಪ್ರತಿ ಮನೆಗೂ ಒಂದು ವಿಡಿಯೋ ಲಿಂಕ್ ಇದೆ, ಪ್ರತಿ ವರ್ಷವೂ ಅದೇ. ಆ ಲಿಂಕುಗಳನ್ನೆಲ್ಲ ಬದರಿಯವರು ಬುಕ್‌ಮಾರ್ಕ್ ಮಾಡಿ, ಪಕ್ಷಕ್ಕೊಂದು ಫೋಲ್ಡರ್ ಮಾಡಿ ಇಟ್ಟಿದ್ದರು. ಫೋಲ್ಡರಿನ ಮೇಲೆ ಮೊದಲು ಮಾಸದ ಹೆಸರು. ಆಮೇಲೆ ಶುಕ್ಲ ಪಕ್ಷವಾದರೆ ಒಂದು, ಬಹುಳವಾದರೆ ಎರಡು. ಅದರೊಳಗೆ ತಿಥಿಯ ಅಂಕಿಗೊಂದು ಚಿಕ್ಕ ಫೋಲ್ಡರ್. ಬೆಳಗ್ಗೆ ಎದ್ದು ಆ ದಿನದ ಫೋಲ್ಡರ್ ತೆಗೆದರೆ ಯಾರನ್ನು ಕರೆಯಬೇಕೆಂಬುದು ತಿಳಿಯುತ್ತಿತ್ತು.

ಇದರಲ್ಲಿ ಒಂದು ತೊಡಕಿತ್ತು, ಅದು ಅವರಿಗೆ ತೊಡಕೆಂದು ಅನಿಸಿರಲೇ ಇಲ್ಲ. ಕನ್ನಡದವರ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಕಾಶಿಯವರ ತಿಂಗಳು ಹುಣ್ಣಿಮೆಗೇ ಮುಗಿದುಹೋಗುತ್ತದೆ. ಶುಕ್ಲ ಪಕ್ಷದಲ್ಲಿ ಇಬ್ಬರಿಗೂ ಒಂದೇ ಹೆಸರು; ಬಹುಳ ಬಂತೆಂದರೆ ಕಾಶಿಯವರು ಒಂದು ತಿಂಗಳು ಮುಂದೆ. ನಮ್ಮ ಆಶ್ವಯುಜ ಬಹುಳ ನಡೆಯುವಾಗ ಅವರದು ಆಗಲೇ ಕಾರ್ತಿಕ. ಬದರಿಯವರ ಮನೆಯ ಗೋಡೆಗೆ ಧಾರವಾಡದಿಂದ ಅಂಚೆಯಲ್ಲಿ ಬಂದ ಪಂಚಾಂಗ, ಆಫೀಸಿನ ಗೋಡೆಗೆ ಹಿಂದಿ ಕ್ಯಾಲೆಂಡರು. ಮನೆಗೆ ನೇರವಾಗಿ ಬಂದವರ ಲಿಂಕು ಮನೆಯ ಕಂಪ್ಯೂಟರಿನಲ್ಲಿ, ಮನೆಯ ಲೆಕ್ಕದಲ್ಲಿ. ಆಫೀಸಿನ ಮೂಲಕ ಬಂದವರದು ಆಫೀಸಿನಲ್ಲಿ, ಅಲ್ಲಿಯ ಲೆಕ್ಕದಲ್ಲಿ. ಸೋನಾರ್‌ಪುರಾದಲ್ಲಿ ಮನೆಯ ಹತ್ತಿರ ಆಟೋ ಹತ್ತುವಾಗ ಒಂದು ತಿಂಗಳು, ಆಫೀಸಿರುವ ಕಂಟೋನ್ಮೆಂಟಿನಲ್ಲಿ ಇಳಿಯುವಾಗ ಇನ್ನೊಂದು. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ಸಲೀಸಾಗಿ ಅವರು ತಿಂಗಳು ಬದಲಿಸುತ್ತಿದ್ದರು.

ಕಷ್ಟವಿದ್ದದ್ದು ಚೀಟಿಗಳದು. ಆಫೀಸಿನಲ್ಲಿದ್ದಾಗ ಮನೆಯ ಕಡೆಯವರ ಲಿಂಕು ಬೇಕಾಗುತ್ತಿತ್ತು. ಅದಕ್ಕೆ ಆ ಉದ್ದುದ್ದ ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಒಯ್ಯುತ್ತಿದ್ದರು. ಒಮ್ಮೆ ಒಂದು ಅಕ್ಷರ ತಪ್ಪಿ, ಯಾರೂ ಇಲ್ಲದ ಪರದೆಯ ಮುಂದೆ ಶೇಷಗಿರಿಯವರು ಕಾಲು ಗಂಟೆ ಮಂತ್ರ ಹೇಳಿದ್ದರು.

"ಯಾರೂ ಮಾತಾಡವಲ್ರು, ಎಂಥಾ ಶ್ರದ್ಧಾ ಅಂದ್ಕೊಂಡೆ," ಎಂದಿದ್ದರು ಆಮೇಲೆ.

ಈ ಸಲ ದಸರೆಯ ರಜೆಯಲ್ಲಿ ಶ್ರೀರಮಾ ಆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು ಕೂತಳು. ಬಿ.ಕಾಂ. ಎರಡನೆಯ ವರ್ಷ, ಹೊರಗೆಲ್ಲ ಹಿಂದಿ, ಮನೆಯಲ್ಲಿ ಅಜ್ಜಿಯ ಕನ್ನಡ.

"ಅಪ್ಪಾ, ಇದೇನು ದವಾಖಾನಿ ಚೀಟಿ ಹಂಗ ಅವ. ಸಿಂಕ್ ಮಾಡಿಕೊಡ್ಲೇನು? ದೋ ಮಿನಿಟ್ ಕೆಲಸ."

"ಮಾಡಿದ್ರ ಏನಾಗ್ತದ?"

"ಇಲ್ಲಿ ಇಟ್ಟಿದ್ದು ಅಲ್ಲಿ, ಅಲ್ಲಿ ಇಟ್ಟಿದ್ದು ಇಲ್ಲಿ. ಎರಡೂ ಕಡೆ ಒಂದ."

ಮರುದಿನ ಅವಳೇ ಆಫೀಸಿಗೂ ಬಂದು ಪಾಸ್‌ವರ್ಡ್ ಹಾಕಿ ಕೊಟ್ಟಳು. ಸಂಜೆ ಮನೆಯಲ್ಲಿ ಆಫೀಸಿನ ಹೆಸರುಗಳು ಕಂಡಾಗ ಬದರಿಯವರು ಪರದೆಯನ್ನು ತಾಯಿಯ ಕಡೆಗೆ ತಿರುಗಿಸಿ ತೋರಿಸಿದರು. ಗೋದಾಬಾಯಿಗೆ ಎಪ್ಪತ್ತೆಂಟು. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿ ನೋಡಿದರು.

"ಅದರಾಗೇನು ದೊಡ್ಡಸ್ತಿಕಿ? ನಿಮ್ಮಪ್ಪ ಇಲ್ಲಿ ಕೆಮ್ಮಿದ್ರ ಮಣಿಕರ್ಣಿಕಾದಾಗ ಕೇಳಸ್ತಿತ್ತು."

ಒಂದೇ ಹೆಸರಿನ ಫೋಲ್ಡರುಗಳನ್ನು ಯಂತ್ರ ಒಂದಾಗಿ ಕೂಡಿಸಿತ್ತು. ಅಲ್ಲಿಯ 'ಕಾರ್ತಿಕ-2' ಇಲ್ಲಿಯ 'ಕಾರ್ತಿಕ-2'ರೊಳಗೆ ಹೋಗಿ ಕೂತಿತ್ತು. ಯಾವ ಹೆಸರು ಯಾವ ಗೋಡೆಯ ಕೆಳಗಿನದು ಎಂಬುದಕ್ಕೆ ಗುರುತೇ ಇರಲಿಲ್ಲ. ಬದರಿಯವರು ಅದನ್ನು ನೋಡಲಿಲ್ಲ. ಅವತ್ತೇ ಚೀಟಿಗಳನ್ನೆಲ್ಲ ಹರಿದು ಗಂಗೆಗೆ ಹಾಕಲು ಹೊರಟವರನ್ನು ಗೋದಾಬಾಯಿ ತಡೆದು, ಒಲೆಗೆ ಹಾಕಿಸಿದರು.

ಇಲ್ಲಿ ಪ್ರೇಮಾಬಾಯಿಯ ವಿಷಯ ಹೇಳಬೇಕು. ಅವರು ಗಂಗಾವತಿಯವರು. ನಾಲ್ಕು ವರ್ಷದ ಹಿಂದೆ ಶಾಲೆಯ ಮಾಸ್ತರಾಗಿದ್ದ ಗಂಡನ ಜೊತೆ ಯಾತ್ರೆಗೆ ಬಂದು ಕಂಟೋನ್ಮೆಂಟಿನ ಹೋಟೆಲಿನಲ್ಲಿ ಇಳಿದಿದ್ದರು. ಮೂರನೆಯ ದಿನ ಬೆಳಗ್ಗೆ ಮಾಸ್ತರು ಏಳಲಿಲ್ಲ. ಅವರಿಗೆ ಮಕ್ಕಳಿಲ್ಲ. ಹೋಟೆಲಿನವರು ಆಫೀಸಿಗೆ ಫೋನು ಮಾಡಿದರು. ಕನ್ನಡ ಬರುವವರೆಂದು ಬದರಿಯವರು ಹೋದರು. ಮಣಿಕರ್ಣಿಕೆಯ ಮೆಟ್ಟಿಲ ಮೇಲೆ ಆಕೆ ಬದರಿಯವರ ಪಕ್ಕದಲ್ಲಿ ಕೂತು, ಗಂಡನ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದರಂತೆ. ಅವತ್ತಿನಿಂದ ಪ್ರತಿ ವರ್ಷ ಆಶ್ವಯುಜ ಬಹುಳ ಪಂಚಮಿಯ ದಿನ ಆಕೆಯ ಪರವಾಗಿ ಶೇಷಗಿರಿಯವರು ಪಿಂಡ ಇಡುತ್ತಾರೆ. ಆಕೆ ಸ್ನಾನ ಮಾಡಿ, ಏನೂ ತಿನ್ನದೆ, ಬದರಿಯವರ ಕರೆಗೆ ಕಾಯುತ್ತಾರೆ. ತಾವಾಗಿ ಎಂದೂ ಕೇಳಿದವರಲ್ಲ. ಆಫೀಸಿನ ಮೂಲಕ ಬಂದದ್ದರಿಂದ ಆಕೆಯ ಲಿಂಕು ಆಫೀಸಿನ ಕಂಪ್ಯೂಟರಿನಲ್ಲಿ, ಅಲ್ಲಿಯ ಕ್ಯಾಲೆಂಡರಿನ ಪ್ರಕಾರ ಕಾರ್ತಿಕದಲ್ಲಿತ್ತು.

ಈ ವರ್ಷದ ಆ ಪಂಚಮಿಯ ಬೆಳಗ್ಗೆ ಬದರಿಯವರು ಮನೆಯಲ್ಲಿ ಕೂತು 'ಆಶ್ವಯುಜ-2' ತೆಗೆದರು. ಪಂಚಮಿಗೆ ಯಾರೂ ಇರಲಿಲ್ಲ. ಎರಡೂ ಕಡೆ ಒಂದೇ ಆದ ಮೇಲೆ ಆಫೀಸಿನಲ್ಲಿ ಮತ್ತೆ ನೋಡುವುದೇನಿದೆ?

"ಇವತ್ತ ಯಾರೂ ಇಲ್ಲವ್ವಾ," ಎಂದು ಹೇಳಿ ಚಹಾ ಕುಡಿದು ಹೊರಟರು.

ಹನ್ನೊಂದು ಗಂಟೆಗೆ ಆಫೀಸಿಗೆ ಗೋದಾಬಾಯಿಯ ಫೋನು ಬಂತು.

"ಬದರಿ, ಉದ್ದಿನಬ್ಯಾಳಿ ನೆನಿ ಇಟ್ಟೀನಿ."

"ಯಾಕವ್ವಾ?"

"ವಡಿಗೆ. ಮಾಸ್ತರ ದಿನ ಅಲ್ಲೇನೋ ಇವತ್ತ, ಗಂಗಾವತಿಯವ್ರದು? ನೀ ಯಾರೂ ಇಲ್ಲ ಅಂದಿ. ಆಕಿನೇ ಬಿಟ್ಟಳೇನೋ ಅಂತ ಸುಮ್ಮನ ಕೂತೆ. ಬಿಡೂ ಹೆಣ್ಮಗಳಲ್ಲ ಆಕಿ. ಮನಸ್ಸು ಒಪ್ಪಲಿಲ್ಲ."

ಬದರಿಯವರು ಎದುರಿನ ಗೋಡೆ ನೋಡಿದರು. ಹಿಂದಿ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಕಾರ್ತಿಕ ಕೃಷ್ಣ ಪಂಚಮಿ ಎಂದಿತ್ತು. ಅವರು 'ಕಾರ್ತಿಕ-2' ತೆರೆದು ಪಂಚಮಿಯನ್ನು ಒತ್ತಿದರು. ಮೂರು ಹೆಸರುಗಳಿದ್ದವು. ಎರಡು ಮನೆಯ ಕಡೆಯವು, ಅವರ ದಿನ ಬರಲು ಇನ್ನೂ ಒಂದು ತಿಂಗಳಿತ್ತು. ಮೂರನೆಯದು ಪ್ರೇಮಾಬಾಯಿ. ಗೋದಾಬಾಯಿ ಫೋನು ಮಾಡದೆ ಇದ್ದಿದ್ದರೆ ಆ ಹೆಸರು ಅವರ ಕಣ್ಣಿಗೆ ಬೀಳುತ್ತಿದ್ದದ್ದು ಮುಂದಿನ ತಿಂಗಳು, ದಿನ ಕಳೆದುಹೋದ ಮೇಲೆ.

"ಅವ್ವಾ, ಅಣ್ಣನ್ನ ಊಟಕ್ಕ ಕೂಡಸಬ್ಯಾಡ. ಬಂದೆ," ಎಂದರು.

ಶ್ರಾದ್ಧ ಮಾಡುವವರ ಹೊಟ್ಟೆ ಖಾಲಿ ಇರಬೇಕು. ಶೇಷಗಿರಿಯವರು ಹನ್ನೆರಡಕ್ಕೆ ಪೂಜೆ ಮುಗಿಸಿ ಎಲೆಯ ಮುಂದೆ ಕೂತರೆ ಮುಗಿಯಿತು. ಬದರಿಯವರಂತೂ ಒಂಬತ್ತಕ್ಕೇ ಎರಡು ಕಚೋರಿ ತಿಂದಾಗಿತ್ತು.

ಆಟೋದಲ್ಲಿ ಕೂತು ಅವರು ಗಂಗಾವತಿಗೆ ಫೋನು ಮಾಡಿದರು. ಒಂದೇ ರಿಂಗಿಗೆ ಆಕೆ ಎತ್ತಿದರು.

"ಆಚಾರ್ರ, ಆರಾಮ ಇದ್ದೀರಲ್ಲ? ಅಲ್ಲೆ ಯಾರಿಗೂ ಏನೂ ಆಗಿಲ್ಲಲ್ಲ?"

"ಇಲ್ಲಮ್ಮಾ. ಸ್ವಲ್ಪ ತಡ ಆತು. ಒಂದೂವರಿಗೆ ಶುರು ಮಾಡೋಣು."

"ನಿಮ್ಮ ಅನುಕೂಲ ನೋಡಿಕೊಂಡು ಮಾಡ್ರಿ. ನಾ ಎಲ್ಲಿ ಹೋಗಾಕಿ? ಕೂತೇನಿ."

ದೀಪಾವಳಿ ಹತ್ತಿರವಿತ್ತು, ರಸ್ತೆಯ ತುಂಬ ಸಂತೆ. ಆಟೋ ನಿಂತು ನಿಂತು ಸಾಗಿತು. ಅರ್ಧ ದಾರಿಯಲ್ಲಿ ಇಳಿದು, ಗಲ್ಲಿಗಳಲ್ಲಿ ನಡೆದು, ಅವರು ಮನೆ ಮುಟ್ಟುವಾಗ ಒಂದು ದಾಟಿತ್ತು. ಶೇಷಗಿರಿಯವರು ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು.

"ಬಾರಪಾ, ಕಂಪ್ಯೂಟರ್ ಪಂಡಿತ. ಅವ್ವ ನನ್ನ ಎಲಿ ಮುಂದಿನಿಂದ ಎಬ್ಬಿಸ್ಯಾಳ. ಕೈಯಾಗ ನೀರು ಹಿಡಕೊಂಡಿದ್ದೆ."

"ತಪ್ಪಾತಣ್ಣಾ."

"ನನಗ ಯಾಕ ಹೇಳ್ತಿ?"

ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು. ಬದರಿಯವರು ಹೊಗೆಗೆ ಕೆಮ್ಮುತ್ತ, ಎಡಗೈಯಲ್ಲಿ ಮೂಗು ಮುಚ್ಚಿಕೊಂಡು, ಬಲಗೈಯಲ್ಲಿ ಫೋನು ಹಿಡಿದು ಕೂತಿದ್ದರು. ಪರದೆಯೊಳಗೆ ಪ್ರೇಮಾಬಾಯಿ ಎಳ್ಳಿನ ಬಟ್ಟಲು ಮುಂದಿಟ್ಟುಕೊಂಡು ಅಲುಗಾಡದೆ ನೋಡುತ್ತಿದ್ದರು. ಎರಡೂ ಮುಕ್ಕಾಲಿಗೆ ಶೇಷಗಿರಿಯವರು ಪಿಂಡಗಳನ್ನು ಹರಿವಾಣದಲ್ಲಿ ಎತ್ತಿಕೊಂಡು ಗಂಗೆಗೆ ಇಳಿದರು. ಬದರಿಯವರು ಹಿಂದೆಯೇ ಮೆಟ್ಟಿಲಿಳಿದು, ನೀರು ಅವನ್ನು ಒಯ್ಯುವವರೆಗೂ ತೋರಿಸಿದರು. ಆಮೇಲೆ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಅಮ್ಮಾ, ತಡ ಆತು ಅಂದೆನಲ್ಲ, ಅದು ಖರೇ ಅಲ್ಲ. ನಾ ತಪ್ಪಿಸಿಬಿಟ್ಟಿದ್ದೆ. ನಮ್ಮವ್ವ ನೆನಪು ಮಾಡಿದ್ಲು."

ಆಕೆ ಎಳ್ಳಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನಾನೂ ಮುಂಜಾನಿಂದ ನಾಕು ಸರ್ತಿ ಫೋನ್ ಎತ್ತಿ ಇಟ್ಟೆ," ಎಂದರು ಪ್ರೇಮಾಬಾಯಿ. "ಕೇಳಿದ್ರ, ಮರ್ತೀರೇನು ಅಂತ ಕೇಳಿದಂಗಾಗ್ತದ. ಹೋಗ್ಲಿ ಬಿಡ್ರಿ. ನಮ್ಮವ್ರೂ ಒಂದಿನಾ ಸಾಲಿಗೆ ಹೊತ್ತಿಗೆ ಹೋದವ್ರಲ್ಲ. ಗಂಟಿ ಹೊಡದ ಮ್ಯಾಲೆ ಕನ್ನಡಕ ಹುಡಕತಿದ್ರು."

"ಊಟ ಮಾಡ್ರಿ ಇನ್ನ."

"ನಿಮ್ಮವ್ವಗ ನಮಸ್ಕಾರ ಹೇಳ್ರಿ. ವಡಿ ಮಾಡಿದ್ರೇನು?"

"ಮಾಡ್ಯಾಳ."

"ಹಂಗಿದ್ರ ಆತು."

ಸಂಜೆ ಶ್ರೀರಮಾ ಕಾಲೇಜಿನಿಂದ ಬಂದು ಎಲ್ಲವನ್ನೂ ಕೇಳಿ ಕಣ್ಣು ತುಂಬಿಕೊಂಡಳು. ಸಿಂಕ್ ತೆಗೆದುಬಿಡುತ್ತೇನೆ ಎಂದಳು.

"ತಗದ್ರೇನು, ಕೂಡಿದ್ದು ಕೂಡೇ ಇರ್ತದ ಅಲ್ಲೇನು?" ಎಂದರು ಬದರಿಯವರು. "ನಿಂದೇನೂ ತಪ್ಪಿಲ್ಲ. ಎರಡು ಕಾರ್ತಿಕ ಅವ ಅಂತ ನಾ ಎಂದರ ಹೇಳೀನೇನು ನಿನಗ? ಕೂಡು. ನೀ ಹೆಸರು ಓದು, ನಾ ಹೇಳ್ತೀನಿ. ಎಲ್ಲಾ ಮನಿ ಪಂಚಾಂಗಕ್ಕ ತಂದುಬಿಡೋಣ."

ಬಹುಳದ ಹೆಸರುಗಳು ಮೂವತ್ತೊಂದು. ಶ್ರೀರಮಾ ಒಂದೊಂದಾಗಿ ಓದಿದಳು. ಬದರಿಯವರು ಯಾವ ಕಾಗದವನ್ನೂ ನೋಡಲಿಲ್ಲ. ಇದು ಮನೆಯದು, ಮೂವರು ಅಣ್ಣತಮ್ಮಂದಿರು ಬಂದು ಒಬ್ಬರಿಗೊಬ್ಬರು ಮಾತಾಡದೆ ಹೋದರು. ಇದು ಆಫೀಸಿನದು, ಆ ಮುದುಕ ಚಳಿಗೆ ಹೆದರಿ ಸ್ವೆಟರಿನ ಮೇಲೇ ಜನಿವಾರ ಹಾಕಿಕೊಂಡಿದ್ದ. ಇದು ಮನೆಯದು, ಇವರ ಕೂಸು ನಿಮ್ಮಜ್ಜಿಯ ತೊಡೆಯ ಮೇಲೆ ಮಲಗಿತ್ತು. ಶ್ರೀರಮಾ ಹೆಸರನ್ನು ಅತ್ತಿತ್ತ ಎಳೆಯುತ್ತ ನಡುನಡುವೆ ಅಪ್ಪನ ಮುಖ ನೋಡುತ್ತಿದ್ದಳು. ಇಷ್ಟು ಜನರನ್ನು ಹೊತ್ತುಕೊಂಡು ಈ ಮನುಷ್ಯ ದಿನಾ ಆಟೋದಲ್ಲಿ ಓಡಾಡುತ್ತಿದ್ದರು. ಅವಳು ನೋಡಿದ್ದು ಬರಿಯ ಚೀಟಿಗಳನ್ನು.

ಇಪ್ಪತ್ತೆಂಟನೆಯದಕ್ಕೆ ಅವರು ತಡೆದರು.

"ಮಾಧವಿ. ಕಾರ್ತಿಕ, ಎರಡು, ಆರು," ಎಂದು ಶ್ರೀರಮಾ ಮತ್ತೊಮ್ಮೆ ಓದಿದಳು. "ಆಫೀಸಿಂದಾದ್ರ ನಾಳೆನೇ ಅಪ್ಪಾ. ಮನೀದಾದ್ರ ಮುಂದಿನ ತಿಂಗಳ."

ಹೋದ ವರ್ಷ ತಾಯಿಯನ್ನು ಕಳೆದುಕೊಂಡ ಹುಡುಗಿ, ನರ್ಸು, ತಾಯಿ ತೀರಿದ ವಾರದಲ್ಲೇ ಅಸ್ಥಿ ಹಿಡಿದು ಒಬ್ಬಳೇ ಬಂದಿದ್ದಳು. ಇದು ಮೊದಲ ವರ್ಷದ ಶ್ರಾದ್ಧ. ಮುಖ ನೆನಪಿತ್ತು, ಬಂದದ್ದು ಮನೆಗೋ ಆಫೀಸಿಗೋ, ಯಾವ ತಿಂಗಳೋ ನೆನಪಿರಲಿಲ್ಲ. ಮೂರು ಸಲ ಫೋನು ಮಾಡಿದರು. ಸ್ವಿಚ್ ಆಫ್ ಎಂದಿತು. ರಾತ್ರಿ ಪಾಳಿ ಇರಬೇಕು.

"ಗೊತ್ತಿಲ್ಲ ಅಂದ್ರ ನಾಳೆನೂ ಮಾಡೋಣ, ಮುಂದನೂ ಮಾಡೋಣ," ಎಂದಳು ಶ್ರೀರಮಾ.

"ಹಂಗ ಮಾಡಬಾರದು ಕೂಸ. ಮೊದಲನೇ ವರ್ಷ. ಆಕಿ ಉಪಾಸ ಇದ್ದು ಕೂತಿರ್ತಾಳ."

ಬದರಿಯವರು ಕಿಟಕಿಯ ಬಳಿ ಹೋಗಿ ನಿಂತರು. ಕೆಳಗೆ ಘಾಟಿನ ಉದ್ದಕ್ಕೂ ಎತ್ತರದ ಬಿದಿರುಗಳ ತುದಿಗೆ ಬುಟ್ಟಿಯ ದೀಪಗಳು ಒಂದೊಂದಾಗಿ ಏರುತ್ತಿದ್ದವು. ಕಾಶಿಯವರು ತಮ್ಮ ಕಾರ್ತಿಕದ ತುಂಬ ಹಿರಿಯರಿಗೆ ದಾರಿ ಕಾಣಲೆಂದು ಕಟ್ಟುವ ಆಕಾಶದೀಪಗಳು ಅವು, ಹುಣ್ಣಿಮೆಗೆ ಇಳಿಸಿಬಿಡುತ್ತಾರೆ. ಅವರು ಅವನ್ನು ನೋಡುತ್ತ ನಿಂತವರು ತಟ್ಟನೆ ತಿರುಗಿ ಚಪ್ಪಲಿಗೆ ಕಾಲು ತೂರಿಸಿದರು.

"ಆಕಿ ದೋಣ್ಯಾಗ ಕೂತು ಮ್ಯಾಲೆ ನೋಡಿ ಏನೋ ಕೇಳಿದ್ಲು, ನಮ್ಮ ಘಾಟಿನ ದೋಣಿಯವ ಏನೋ ಹೇಳಿದ. ಅದು ಈ ದೀಪದ ಮಾತಾಗಿದ್ರ ನಾಳೆ, ದೀಪ ಇಳಿಸಿದ ಮ್ಯಾಲೆ ಬಂದಿದ್ರ ಮುಂದಿನ ತಿಂಗಳ," ಎಂದರು, ಆಗಲೇ ಮೆಟ್ಟಿಲು ಇಳಿಯುತ್ತ. "ಅವ ಇನ್ನೂ ಘಾಟಿನ್ಯಾಗ ಇರ್ತಾನ, ನೀ ಆ ಹೆಸರು ಅಲ್ಲೇ ಬಿಡು, ಅಜ್ಜಿಗೆ ಹೇಳು ಬ್ಯಾಳಿ ನೆನಿ ಇಡ್ಲಿ, ಬ್ಯಾಡ, ತಡಿ, ನಾ ಮೊದಲ ಅವನ್ನ ಕೇಳಿ ಬರ್ತೀನಿ."