ಕುಮಾರಿ ಪದ್ಮಜಾರ ಮೀಸೆ

ವಿಠ್ಠಲಣ್ಣನ ಮೀಸೆ ಅವರ ಸ್ವಂತದ್ದಾಗಿರಲಿಲ್ಲ, ನಮ್ಮ ವಾದ್ಯವೃಂದದ ಆಸ್ತಿಯಾಗಿತ್ತು. ಅದಕ್ಕೆ ಎಣ್ಣೆ ಹಚ್ಚಿ ಹುರಿ ಮಾಡುವುದು ಅವರ ಕೆಲಸ. ಎಷ್ಟು ಉದ್ದ ಬಿಡಬೇಕು ಎಂದು ಹೇಳುವುದು ಗುರುಪಾದಪ್ಪ ಮಾಸ್ತರರ ಕೆಲಸ. ಒಮ್ಮೆ ಹೆಂಡತಿಯ ಮಾತು ಕೇಳಿ, ಅವಳ ತಮ್ಮನ ಮದುವೆಗೆಂದು ಅದನ್ನು ಅರ್ಧಕ್ಕರ್ಧ ಕತ್ತರಿಸಿಕೊಂಡು ತಾಲೀಮಿಗೆ ಬಂದರು. ಮಾಸ್ತರರು ಎಲ್ಲರ ಎದುರಿಗೆ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. ಮೀಸೆ ಮೊದಲಿನಂತೆ ಬೆಳೆಯುವವರೆಗೆ ಮೇಡ್ಲೇರಿಯ ಕಾರ್ಯಕ್ರಮವನ್ನೇ ಮುಂದಕ್ಕೆ ಹಾಕಬೇಕಾಯಿತು.

ಮೀಸೆಗೂ ಹಾಡಿಗೂ ಎಲ್ಲಿಯ ಸಂಬಂಧ ಎಂದು ಹೊಸಬರು ಕೇಳುತ್ತಿದ್ದರು. ಸಂಬಂಧ ಹೀಗಿತ್ತು. ಕಾರ್ಯಕ್ರಮ ಅರ್ಧ ಮುಗಿದ ಮೇಲೆ ಮಾಸ್ತರರು ಮೈಕಿನ ಮುಂದೆ ಬಂದು, "ಈಗ ನಿಮ್ಮ ಮುಂದೆ ಕುಮಾರಿ ಪದ್ಮಜಾ" ಎನ್ನುವರು. ಕೂಡಲೇ ವೇದಿಕೆಯ ದೀಪಗಳೆಲ್ಲ ಆರುವವು. ಕತ್ತಲಲ್ಲಿ ಒಂದು ಹೆಣ್ಣುದನಿ ಏಳುವುದು. ಎಂಥ ದನಿ! ಮುಂದಿನ ಸಾಲಿನವರು ಕುತ್ತಿಗೆ ಉದ್ದ ಮಾಡಿ ಹುಡುಗಿಯನ್ನು ಹುಡುಕುವರು, ಹೆಂಗಸರು ಕೂಸುಗಳ ಬಾಯಿ ಮುಚ್ಚುವರು. ಎರಡನೆಯ ಚರಣ ಬಂತೆನ್ನುವಾಗ ಮಾಸ್ತರರು ಸ್ವಿಚ್ ಒತ್ತುವರು. ಬೆಳಕಿನಲ್ಲಿ ನಿಂತಿರುತ್ತಿದ್ದವರು ಕಪ್ಪಗೆ, ದಪ್ಪಗೆ, ಹೊಟ್ಟೆ ಮುಂದೆ ಬಂದ, ಕಿವಿಯತನಕ ಮೀಸೆ ಬಿಟ್ಟ ವಿಠ್ಠಲಣ್ಣ. ಆಗ ಏಳುತ್ತಿದ್ದ ಸಿಳ್ಳೆ, ಚಪ್ಪಾಳೆ, ನಗೆಗೆ ಮೈದಾನ ಅದುರುತ್ತಿತ್ತು. ಗುಟ್ಟು ಇಡೀ ಜಿಲ್ಲೆಗೆ ಗೊತ್ತಿತ್ತು. ಗೊತ್ತಿದ್ದರೂ ಜನ ಮತ್ತೆ ಮತ್ತೆ ಅದನ್ನೇ ನೋಡಲು ಬರುತ್ತಿದ್ದರು.

ನಮ್ಮ ವಾದ್ಯವೃಂದದ ಹೆಸರು 'ಸಂಜೆಮಲ್ಲಿಗೆ'. ಹೆಸರಿಗೆ ತಕ್ಕಂತೆ ನಾವೆಲ್ಲ ಸಂಜೆಯ ಕಲಾವಿದರೇ. ಹಗಲೆಲ್ಲ ಬೇರೆ ಬೇರೆ ನೊಗಕ್ಕೆ ಕಟ್ಟಿಕೊಂಡವರು. ಮಾಸ್ತರರು ಹಾವೇರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು, ಇಲ್ಲಿ ಕೀಬೋರ್ಡ್ ನುಡಿಸುತ್ತ ಎಲ್ಲರ ಮೇಲೆ ಅಧಿಕಾರ ನಡೆಸುತ್ತಿದ್ದರು. ಪ್ರತಿ ರವಿವಾರ ಹಾವೇರಿಯ ಒಂದು ಮಂಗಲ ಕಾರ್ಯಾಲಯದ ಊಟದ ಹಾಲಿನಲ್ಲಿ ತಾಲೀಮು. ಮದುವೆಯ ಮುಹೂರ್ತಗಳು ಜೋರಾಗಿದ್ದಾಗ ನಮ್ಮನ್ನು ಮೆಟ್ಟಿಲಿನ ಕೆಳಗೆ ತಳ್ಳುತ್ತಿದ್ದರು. ಅಲ್ಲಿ ಸಾರಿನ ಒಗ್ಗರಣೆಯ ಘಾಟಿನಲ್ಲಿ ಯುಗಳಗೀತೆ ಅಭ್ಯಾಸ ಮಾಡಿದವರು ನಾವು.

ನಾನು ಈ ಗುಂಪಿಗೆ ಸೇರಿದ್ದು ಬ್ಯಾಡಗಿಯ ಶಾಲೆಗೆ ವರ್ಗವಾಗಿ ಬಂದ ಮೇಲೆ. ನಮ್ಮ ಯಜಮಾನರು ಗುಂಪಿನಲ್ಲಿ ತಬಲಾ ಬಾರಿಸುತ್ತಿದ್ದರಿಂದ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಗಂಡನ ಕಣ್ಣೆದುರಿಗೇ ಹಾಡುವ ಹೆಂಗಸಿಗೆ ಊರೂ ಏನೂ ಅನ್ನುವುದಿಲ್ಲ. ಮೊದಲ ದಿನ ನಾನು ಒಂದು ಹಾಡು ಹೇಳಿ ಮುಗಿಸಿದಾಗ ಉಳಿದವರು ತಲೆದೂಗಿದರು. ವಿಠ್ಠಲಣ್ಣ ಮಾತ್ರ ಎದ್ದು ಬಂದು, ನನ್ನ ಮುಂದೆ ಕೈಮುಗಿದು ನಿಂತರು.

"ಇಷ್ಟ್ ದಿನ ಎಲ್ಲಿದ್ರಿ ಅಕ್ಕೋರ? ಬಂದ್ರಲ್ಲ, ಇನ್ನ ನನ್ನ ಬಿಡಸ್ರಿ."

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನನಗಿಂತ ಎಷ್ಟೋ ಹಿರಿಯರಾದ ಅವರು ಹಾಗೆ ಕರೆದದ್ದಕ್ಕೆ ನಾಚಿಕೆಯಾಯಿತು. ಬಿಡಿಸುವುದೆಂದರೆ ಏನು ಎಂಬುದು ಆಮೇಲೆ ತಿಳಿಯಿತು. ಎಷ್ಟೋ ವರ್ಷಗಳ ಹಿಂದೆ, ಹೊಸರಿತ್ತಿಯ ಕಾರ್ಯಕ್ರಮಕ್ಕೆ ವಾರವೂ ಇಲ್ಲ ಎನ್ನುವಾಗ ಗುಂಪಿನ ಹಾಡುವ ಹುಡುಗಿಗೆ ಲಗ್ನ ಗೊತ್ತಾಗಿ ಅವಳು ಬಿಟ್ಟುಹೋದಳಂತೆ. ವಿಠ್ಠಲಣ್ಣ ಆಗ ಮೀಸೆ ಚಿಗುರಿದ ತರುಣ, ಭಜನೆಯಲ್ಲಿ ಎಲ್ಲರಿಗಿಂತ ಮೇಲಿನ ಸ್ವರ ಹಿಡಿಯುತ್ತಿದ್ದವರು. ಒಂದು ದಿನದ ಮಟ್ಟಿಗೆ ಅವಳ ಹಾಡು ಹೇಳು ಎಂದು ಮಾಸ್ತರರು ಒಪ್ಪಿಸಿದರು. ಅಂದು ನಡುವೆ ಕರೆಂಟು ಹೋಗಿ ಬಂದದ್ದರಿಂದ, ಕತ್ತಲು ಬೆಳಕಿನ ಆ ಆಟ ತಾನಾಗಿ ಹುಟ್ಟಿಕೊಂಡಿತು.

ಅದನ್ನು ನೆನೆದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ. "ಒಂದ್ ದಿನದ ಮಟ್ಟಿಗೆ ಅಂದ್ರ ನಂಬಬ್ಯಾಡ್ರಿ. ಒಂದ್ ದಿನ ಅನ್ನೋದು ಭಾಳ ಉದ್ದ ಇರ್ತೈತಿ."

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಹೊಲಿಗೆ ಅಂಗಡಿ. ಹೆಂಗಸರ ಬಟ್ಟೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಪ್ಯಾಂಟು, ಶರ್ಟು, ಶಾಲೆಯ ಚಡ್ಡಿ ಇಷ್ಟೇ. ಜಂಪರ್ ಹೊಲಿಯಲು ಕೂತರೆ ಜನ ಇನ್ನೇನು ಅಂದಾರು ಎಂಬ ಅಂಜಿಕೆ ಅವರಿಗೆ. ಅಂದುಕೊಳ್ಳುವವರು ಹೇಗಿದ್ದರೂ ಅನ್ನುತ್ತಿದ್ದರು. "ಪದ್ಮಜಾ ಬಾಯಾರ, ನಮ್ಮ ಪ್ಯಾಂಟ್ ಆತೇನ್ರಿ?" ಎಂದು ಗಿರಾಕಿಗಳು ಬಾಗಿಲಿನಿಂದಲೇ ಕೂಗುತ್ತಿದ್ದರು. ಅವರು ನಗುತ್ತಲೇ ಕತ್ತರಿ ಆಡಿಸುತ್ತಿದ್ದರು. ಮಾತನಾಡುವ ದನಿಯೂ ಆ ಹೊತ್ತಿಗೆ ತುಸು ಮೇಲೇರಿತ್ತು. ಫೋನು ಎತ್ತಿಕೊಂಡರೆ ಗುರುತಿಲ್ಲದವರು ಅವರನ್ನು ಅಮ್ಮಾ ಎಂದೇ ಕರೆಯುತ್ತಿದ್ದರು. ಅದನ್ನು ಅವರೇ ನಮಗೆ ಹೇಳಿ ನಗಿಸುತ್ತಿದ್ದರು, ನಾವೂ ನಗುತ್ತಿದ್ದೆವು.

ನನಗೆ ಅವರು ಕಲಿಸಿದ್ದಕ್ಕೆ ಲೆಕ್ಕವಿಲ್ಲ. ಎಲ್ಲಿ ಉಸಿರು ಕದಿಯಬೇಕು, ಮೈಕನ್ನು ಯಾವಾಗ ದೂರ ಹಿಡಿಯಬೇಕು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮಿನಲ್ಲಿ ಹಾಡುವಾಗ ಒದ್ದೆ ಕರ್ಚೀಫು ಹೇಗೆ ಬಳಸಬೇಕು ಎಂಬುದನ್ನೆಲ್ಲ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ತಿದ್ದಿ ತಿದ್ದಿ ಹೇಳಿದರು. ಪದ್ಮಜಾಳ ಹಾಡುಗಳನ್ನೆಲ್ಲ ನನ್ನ ಬಾಯಿಗೆ ಬಿಟ್ಟುಕೊಟ್ಟರು. ನನಗೆ ಪೂರಾ ಬಂದ ದಿನ ತಾವು ಕೊನೆಗೂ ಗಂಡಸಾಗಿ ಹಾಡಬಹುದು ಎಂಬುದೊಂದೇ ಅವರ ಆಸೆ.

ಆ ಆಸೆಯ ಹಿಂದೆ ಅವರ ತಂದೆ ಇದ್ದರು. ಮುದುಕರು ಅಂಗಡಿಯ ಒಳಕೋಣೆಯಲ್ಲಿ ಮಲಗಿರುತ್ತಿದ್ದರು. ಒಂದು ಕಾಲಕ್ಕೆ ವಿಠ್ಠಲ ಮಂದಿರದ ಭಜನೆಗೆ ಅವರದೇ ಮೊದಲ ದನಿ, ನೆಲಕ್ಕೆ ಹತ್ತಿದಂಥ ತಗ್ಗು ದನಿ. ಮಗನ ಒಂದು ಕಾರ್ಯಕ್ರಮಕ್ಕೂ ಅವರು ಬಂದವರಲ್ಲ. ಸಿಟ್ಟೇನೂ ಇರಲಿಲ್ಲವಂತೆ.

"ನೀ ಹಾಡಿದ್ದು ಊರೆಲ್ಲ ಕೇಳೇತಿ, ನಿನ್ನ ದನಿ ಮಾತ್ರ ನಾ ಕೇಳಿಲ್ಲೋ ಅಂತಾನ್ರಿ ಅಪ್ಪ" ಎಂದು ವಿಠ್ಠಲಣ್ಣ ಒಮ್ಮೆ ಟೆಂಪೊದಲ್ಲಿ ಬರುವಾಗ ನನಗೆ ಹೇಳಿದರು. "ಕೇಳಸ್ತೀನಿ ಅಂದೇನಿ. ಅಕ್ಕೋರು ಬಂದಾರ, ಇನ್ನೇನ್ ತಡ ಇಲ್ಲ ಅಂದೇನಿ."

ಆದರೆ ರಾಣೆಬೆನ್ನೂರಿನ ನನ್ನ ಮೊದಲ ಕಾರ್ಯಕ್ರಮದಲ್ಲಿಯೇ ನಮ್ಮಿಬ್ಬರ ಹಣೆಬರಹ ಗೊತ್ತಾಯಿತು. ನಾನು ಚೆನ್ನಾಗಿಯೇ ಹಾಡಿದೆ, ಸುಳ್ಳೇಕೆ ಹೇಳಲಿ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ, ಹೆಣ್ಣುಮಗಳು ಹೆಣ್ಣಿನಂತೆ ಹಾಡಿದರೆ ಅದರಲ್ಲೇನು ವಿಶೇಷ ಎಂದದ್ದು ನನ್ನ ಕಿವಿಗೇ ಬಿತ್ತು. ಹಿಂದಿನಿಂದ ಪದ್ಮಜಾ, ಪದ್ಮಜಾ ಎಂಬ ಕೂಗು ಎದ್ದಿತು. ಮಾಸ್ತರರು ದೀಪ ಆರಿಸಿದರು. ಪಕ್ಕದಲ್ಲಿದ್ದ ವಿಠ್ಠಲಣ್ಣ ಬಸ್ಸು ಹತ್ತಿ ಸೀಟು ಹಿಡಿದ ಮೇಲೆ ಕೆಳಗಿಳಿ ಎನ್ನಿಸಿಕೊಂಡವರಂತೆ ಹೋಗಿ ಹಾಡಿದರು. ನನಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವರ ಬಗ್ಗೆ ಸಂಕಟವಾಗಿತ್ತು. ನಾನು ಬಂದು ಬಿಡಿಸಿದ್ದೇನೂ ಇಲ್ಲ.

ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಬಿಟ್ಟರೆ 'ಸಂಜೆಮಲ್ಲಿಗೆ'ಯನ್ನು ಕರೆಯುವವರು ಯಾರು? ತನ್ನಿಂದಾಗಿ ಇಷ್ಟು ಮಂದಿಯ ಖುಷಿ ನಿಲ್ಲಬಾರದು ಎಂದು ಅವರೂ, ಅವರಿಲ್ಲದೆ ಗುಂಪೇ ಇಲ್ಲ ಎಂದು ನಾವೂ, ಹೀಗೆ ಎಲ್ಲರೂ ಪ್ರೀತಿಯಿಂದಲೇ ಆ ಬಾಗಿಲಿಗೆ ಚಿಲಕ ಹಾಕಿದ್ದೆವು.

ಮರುವರ್ಷ ಚಳಿಗಾಲದಲ್ಲಿ ಮುದುಕರು ತೀರಿಕೊಂಡರು. ಮಗನ ದನಿ ಕೇಳದೆಯೇ ಹೋದರು. ಅವರ ಮನೆಯ ಪದ್ಧತಿಯಂತೆ ವಿಠ್ಠಲಣ್ಣ ತಲೆಯ ಜೊತೆಗೆ ಮೀಸೆಯನ್ನೂ ಬೋಳಿಸಿದರು. ಮಾತನಾಡಿಸಲು ಹೋದ ನನಗೆ ಎದುರಿಗೆ ಕೂತವರ ಗುರುತೇ ಹತ್ತಲಿಲ್ಲ. ತುಟಿಯ ಮೇಲೆ ಬೆರಳಾಡಿಸುತ್ತ, ಮೀಸೆ ಹೋದದ್ದಕ್ಕೆ ಹಗುರಾದಂತೆ ಕಂಡರು. ಇನ್ನು ಆ ಆಟ ನಡೆಯಲಾರದು, ಅಪ್ಪ ಹೋಗುವಾಗ ತನ್ನನ್ನು ಬಿಡಿಸಿ ಹೋದ ಎಂದು ಮೆಲ್ಲಗೆ ಹೇಳಿದರು.

ಮಾಸ್ತರರನ್ನು ಅವರು ಇನ್ನೂ ಪೂರ್ತಿ ಅರಿತಿರಲಿಲ್ಲ. ದಿನಕರ್ಮಗಳು ಮುಗಿದ ಕೆಲವೇ ವಾರಗಳಲ್ಲಿ ಬ್ಯಾಡಗಿಯ ವರ್ತಕರ ವಾರ್ಷಿಕೋತ್ಸವದಲ್ಲಿ ನಮ್ಮ ಕಾರ್ಯಕ್ರಮ ಮೊದಲೇ ಗೊತ್ತಾಗಿತ್ತು. ನಾಟಕದ ಬಟ್ಟೆ ಬಾಡಿಗೆ ಕೊಡುವ ಅಂಗಡಿಯಿಂದ ಮಾಸ್ತರರು ಒಂದು ಮೀಸೆ ತಂದರು. ಯಾವುದೋ ರಾಜನ ಪಾತ್ರಕ್ಕೆ ಮಾಡಿದ ಮೀಸೆ, ಜೊತೆಗೆ ಅಂಟಿನ ಸೀಸೆ. ವಿಠ್ಠಲಣ್ಣ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಒಂದೇ ಒಂದು ಕರಾರು ಹಾಕಿದರು. ಮೊದಲು ಬೋಳು ಮುಖದಲ್ಲಿ, ಬೆಳಕಿನಲ್ಲಿ, ಅಪ್ಪನ ಒಂದು ಭಜನೆಯ ಪದವನ್ನು ಅಪ್ಪನ ಸ್ವರದಲ್ಲಿಯೇ ಹಾಡುವುದು. ಆಮೇಲೆ ಬೇಕಾದರೆ ಎರಡು ಮೀಸೆ ಅಂಟಿಸಿ. ಮಾಸ್ತರರು ಒಪ್ಪಿದರು.

ಆ ಸಂಜೆ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಜನ ಕೆಮ್ಮುತ್ತಲೇ ಕೂತಿದ್ದರು. ಬೋಳುತಲೆಯ, ಬಿಳಿ ಅಂಗಿಯ ವ್ಯಕ್ತಿ ಮೈಕಿನ ಮುಂದೆ ಬಂದಾಗ ಅವರು ಯಾರೆಂದು ಒಬ್ಬರಿಗೂ ತಿಳಿಯಲಿಲ್ಲ. ವಿಠ್ಠಲಣ್ಣ ಕಣ್ಣು ಮುಚ್ಚಿ ಶುರುಮಾಡಿದರು. ಮೊದಲ ಸಾಲು ತಗ್ಗಿನಲ್ಲಿ ಬಂತು, ಸ್ವಲ್ಪ ಒಡಕು, ಆದರೂ ಬಂತು. ಎರಡನೆಯ ಸಾಲಿಗೆ ದನಿ ತಾನೇ ಮೇಲಕ್ಕೆ ಹತ್ತಿಬಿಟ್ಟಿತು. ನಿಲ್ಲಿಸಿದರು. ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅದೇ ಜಾಗದಲ್ಲಿ ದನಿ ಕೈ ಕೊಸರಿಕೊಂಡು ಮೇಲೆ ಹೋಯಿತು. ಬಲವಂತದಿಂದ ಕೆಳಗೆ ಎಳೆದರೆ ಬರೀ ಉಸಿರು. ಹಿಂದಿನಿಂದ ಯಾರೋ, ಲಗೂ ಮುಗಿಸಿ ಪದ್ಮಜಾಳನ್ನು ಕರೆಯಿರಿ ಎಂದು ಕೂಗಿದರು.

ವಿಠ್ಠಲಣ್ಣ ಮೈಕಿನಿಂದ ಮುಖ ತಿರುಗಿಸಿ ನನ್ನ ಕಡೆ ನೋಡಿದರು. "ನನ್ನ ದನಿ ಸಿಗವಲ್ದ್ರಿ ಅಕ್ಕೋರ" ಎಂದರು.

ಪದವನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದರು. ನಾನು ನಡುವೆ ಒಂದು ಹಾಡು ಹೇಳಿದೆ, ಏನು ಹೇಳಿದೆನೋ ನನಗೇ ನೆನಪಿಲ್ಲ. ಆಮೇಲೆ ಮಾಸ್ತರರ ಘೋಷಣೆ, ಆಮೇಲೆ ಕತ್ತಲು. ಎಲ್ಲರೂ ಕಾಯುತ್ತಿದ್ದ ಸಿನಿಮಾ ಹಾಡು ಬರಲಿಲ್ಲ. ಆ ಹೆಣ್ಣುದನಿ ಎತ್ತಿಕೊಂಡದ್ದು ಅಪ್ಪನ ಪದವನ್ನು. ಈ ಸಲ ಎಲ್ಲಿಯೂ ತಡವರಿಸಲಿಲ್ಲ. ಮಗಳೊಬ್ಬಳು ತಂದೆಯನ್ನು ನೆನೆದು ಹಾಡುವಂತೆ, ಕೆಮ್ಮುವವರು ಕೆಮ್ಮು ತಡೆದು ಕೇಳುವಂತೆ ಹಾಡಿದರು. ನನ್ನ ಕಣ್ಣು ತುಂಬಿದವು. ಎರಡನೆಯ ಚರಣ ಬಂತು, ಬೆಳಕು ಬರಲಿಲ್ಲ. ನಾನು ಪಕ್ಕಕ್ಕೆ ಹೊರಳಿ ನೋಡಿದೆ. ಕೀಬೋರ್ಡಿನ ಸಣ್ಣ ದೀಪದಲ್ಲಿ ಕಂಡಂತೆ ಮಾಸ್ತರರ ಒಂದು ಕೈ ಅದರ ಮೇಲಿತ್ತು, ಇನ್ನೊಂದು ಸ್ವಿಚ್ಚಿನ ಮೇಲೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರಿಗೆ ಅದನ್ನು ಒತ್ತಲು ಆಗಲಿಲ್ಲ. ಜನರಲ್ಲಿ ಗುಜುಗುಜು ಎದ್ದಿತು.

ಕತ್ತಲಲ್ಲಿಯೇ ವಿಠ್ಠಲಣ್ಣ, ಸ್ವರ ಬಿಟ್ಟು, ತೀರ ಸಣ್ಣಗೆ ಹೇಳಿದರು. "ಹಾಕ್ರಿ ಮಾಸ್ತರ. ಮಂದಿ ಕಾಯಾಕತ್ತಾರ."

ಬೆಳಕು ಬಂತು. ಕಣ್ಣೀರಿಗೆ ಅಂಟು ಸಡಿಲಿ ಮೀಸೆಯ ಒಂದು ತುದಿ ಕಳಚುತ್ತಿತ್ತು. ಅದು ಬೀಳದಂತೆ ಅವರು ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದರು. ಜನ ಅವರು ಮೀಸೆ ತಿರುವುತ್ತಿದ್ದಾರೆಂದೇ ತಿಳಿದರು. ಅಂದಿನಷ್ಟು ಜೋರಾದ ಚಪ್ಪಾಳೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ವರ್ತಕರು ವೇದಿಕೆ ಹತ್ತಿ ಹಾವೇರಿಯ ಏಲಕ್ಕಿ ಹಾರ ಹಾಕಿದರು. ಅವರು ಒಂದು ಕೈಯಿಂದ ಮೀಸೆ ಹಿಡಿದುಕೊಂಡೇ ಕುತ್ತಿಗೆ ಬಾಗಿಸಿದರು.

ಮೀಸೆ ಮತ್ತೆ ಬೆಳೆಯಿತು. ಆ ಪದವನ್ನು ವೇದಿಕೆಯಲ್ಲಿ ಮತ್ತೆ ಯಾರೂ ಕೇಳಲಿಲ್ಲ, ಅವರೂ ಹಾಡಲಿಲ್ಲ. ಕೆಲವು ವರ್ಷಗಳಲ್ಲಿ ಸಂಗೀತವನ್ನೆಲ್ಲ ಸೀಡಿಯಲ್ಲಿ ತುಂಬಿಕೊಂಡು ಒಬ್ಬರೇ ಬಂದು ಹಾಡಿಹೋಗುವ ಕಾಲ ಬಂತು, ಹನ್ನೆರಡು ಮಂದಿಯ ಟೆಂಪೊ ಯಾರಿಗೂ ಬೇಡವಾಯಿತು. 'ಸಂಜೆಮಲ್ಲಿಗೆ' ಯಾರೂ ಮುಚ್ಚದೆಯೇ ಮುಚ್ಚಿತು. ನನಗೆ ದೂರದ ಊರಿಗೆ ವರ್ಗವಾಯಿತು. ವಿಠ್ಠಲಣ್ಣ ಹೋದ ಸುದ್ದಿಯನ್ನು ಮಾಸ್ತರರು ಫೋನಿನಲ್ಲಿ ಹೇಳಿದಾಗ, ಅಂತ್ಯಕ್ರಿಯೆಗೆ ಹೋಗಿ ಮುಟ್ಟುವಷ್ಟು ಹೊತ್ತು ಉಳಿದಿರಲಿಲ್ಲ.

ಹಾಗಾಗಿ ನನಗೆ ಉಳಿದದ್ದು, ವರ್ಗವಾಗಿ ಹೊರಡುವ ಮುಂಚೆ ಅವರ ಅಂಗಡಿಗೆ ಹೋದ ಮಧ್ಯಾಹ್ನ. ಯಜಮಾನರ ಪ್ಯಾಂಟಿನ ಬಟ್ಟೆ ಕೊಡುವುದಿತ್ತು. ಗಲ್ಲಿಯಲ್ಲಿ ಬಿಸಿಲು, ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದಿನ ಜೊತೆಗೆ ಒಬ್ಬ ಹೆಂಗಸು ಮೆಲ್ಲಗೆ ಹಾಡುವುದು ಕೇಳಿಸಿತು, ಅಪ್ಪನ ಅದೇ ಪದ. ಈಗಲಾದರೂ ಕುಣಿಕೆ ಬಿಚ್ಚಿದೆಯಲ್ಲ, ಜನರ ಕಾಟವಿಲ್ಲ, ಮಾಸ್ತರರ ಸ್ವಿಚ್ಚಿಲ್ಲ, ಆದರೂ ಯಾಕೆ ಹೀಗೆ ಎಂದು ನನಗೆ ತಿಳಿಯಲಿಲ್ಲ. ಬಾಗಿಲು ಸರಿಸಿದೆ. ವಿಠ್ಠಲಣ್ಣ ತಲೆ ಎತ್ತಿ ನನ್ನ ಮುಖ ನೋಡಿದರು, ನಾನು ಏನು ಕೇಳಬೇಕೆಂದಿದ್ದೆನೋ ಅದು ಅವರಿಗೆ ಅರ್ಥವಾಗಿತ್ತು. ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಯಾರೂ ಇಲ್ಲದಾಗೂ ಆಕೀನ ಹಾಡ್ತಾಳ್ರಿ ಅಕ್ಕೋರ" ಎಂದರು.

ಆಮೇಲೆ ಬಟ್ಟೆ ಬಿಚ್ಚಿ, ನಮ್ಮ ಯಜಮಾನರ ಸೊಂಟದ ಅಳತೆ ಹಳೆಯದೇ ಇರಲೋ ಬೇಡವೋ ಎಂದು ಕೇಳಿದರು.