ಸಮ್ಮೇಳನದ ಚೀಲಕ್ಕೆ ಹಲಸಿನ ಅಂಟು

ಮಹಾಂತೇಶ ನಗರದ ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆಯ ಚೀಲ ತೂಗುತ್ತದೆ. ಪೇಟೆಂಟ್ ಮತ್ತು ಬೌದ್ಧಿಕ ಆಸ್ತಿ ಕಾನೂನಿನ ಸಮ್ಮೇಳನದಲ್ಲಿ ಕೊಟ್ಟದ್ದು. ಸಮ್ಮೇಳನವೆಂದರೆ ನನಗೆ ಇಂಥದೊಂದು ಚೀಲ, ಒಂದು ಪೆನ್ನು, ಮತ್ತು ಊಟದ ನಂತರದ ಗೋಷ್ಠಿಯಲ್ಲಿ ಕರೆಯದೇ ಬರುವ ಸುಖನಿದ್ರೆ, ಇಷ್ಟೇ ಆಗಿತ್ತು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳಿಗೆ ಪೇಟೆಂಟಿನ ಉಸಾಬರಿ ಏಕೆ? ಪ್ರಾಂಶುಪಾಲರು ಹೋಗಿ ಎಂದರು, ಹೋದೆ.

ಆದರೆ ಸಮ್ಮೇಳನದ ಸತ್ವವಿರುವುದು ವೇದಿಕೆಯ ಮೇಲಲ್ಲ, ಚಹಾದ ಸರದಿಯಲ್ಲಿ. ಅಲ್ಲಿ ಮುಂದೆ ನಿಂತಿದ್ದ ವಕೀಲೆಯೊಬ್ಬರಿಗೆ, ಮಾತಿಗೆ ಮಾತು ಬಂದು, ಖಾನಾಪುರದ ನಮ್ಮ ವೈನಿಯ ವಿಷಯ ಹೇಳಿದೆ. ವೈನಿ ನನ್ನ ಅಣ್ಣನ ಹೆಂಡತಿ. ಕೈಗೆ ಅಂಟು ತಾಗದಂತೆ ಹಲಸಿನ ತೊಳೆ ಬಿಡಿಸುವ ಪುಟ್ಟ ಕೈಯಂತ್ರವೊಂದನ್ನು ಬೇಸಿಗೆಯಿಡೀ ತಲೆಕೆಡಿಸಿಕೊಂಡು ಕಟ್ಟಿದವಳು. ಮನೆಯವರ ಹೊರತು ಅದನ್ನು ಯಾರೂ ನೋಡಿರಲಿಲ್ಲ. ಮರುದಿನ ಅರಿಷಿಣ-ಕುಂಕುಮಕ್ಕೆ ಓಣಿಯ ಹೆಂಗಸರನ್ನೆಲ್ಲ ಕರೆದು ತಿರುಗಿಸಿ ತೋರಿಸುವವಳಿದ್ದಳು. ನಮ್ಮ ಕಡೆ ಹೊಸ ಸೀರೆಯಿರಲಿ, ಹೊಸ ಒಲೆಯಿರಲಿ, ನಾಲ್ಕು ಮಂದಿ ನೋಡಿ ‘ಭಾಳ ಚಲೋ ಐತಿ’ ಅನ್ನುವವರೆಗೆ ಅದು ನಮ್ಮದಾಗುವುದೇ ಇಲ್ಲ.

ವಕೀಲೆ ಕಪ್ಪು ಕೆಳಗಿಟ್ಟರು. “ತೋರಸಬ್ಯಾಡಂತ ಹೇಳ್ರಿ! ಮೊದಲ ಅರ್ಜಿ ಹಾಕ್ರಿ, ಆಮ್ಯಾಲ ಊರಿಗೆಲ್ಲಾ ತೋರಸ್ರಿ. ಮೊದಲ ತೋರಿಸಿದ್ರ ಕಾನೂನಿನ ಕಣ್ಣಾಗ ಅದು ಹೊಸಾದ ಅಲ್ಲ. ಪೇಟೆಂಟ್ ಸಿಗೂದು ಕಠಿಣ.”

ಫೋನಿನಲ್ಲಿ ವೈನಿ ಕೇಳಬೇಕಲ್ಲ! “ಕರದ ಮಂದಿಗೆ ತೋರಸಲಾರದ ಹ್ಯಾಂಗ ಇರ್ಲೆವಾ? ಮುಚ್ಚಿಡಾಕ ನಾ ಏನ್ ಕಳುವು ಮಾಡೀನೇನು?”

ಬೆಳಗಿನ ಬಸ್ಸಿಗೇ ಖಾನಾಪುರಕ್ಕೆ ಓಡಿದೆ. ಯಂತ್ರ ಪಡಸಾಲೆಯಲ್ಲಿ ಮದುಮಗಳ ಹಾಗೆ ಕುಂಕುಮ ಹಚ್ಚಿಕೊಂಡು ಕುಳಿತಿತ್ತು; ಹೆಂಗಸರ ದನಿ ಅಂಗಳದಲ್ಲೇ ಕೇಳಿಸುತ್ತಿತ್ತು. ಕೈಯಲ್ಲಿದ್ದ ಈ ಚೀಲವನ್ನೇ ಅದರ ತಲೆಗೆ ತೊಡಿಸಿಬಿಟ್ಟೆ.

“ಏನೈತ್ರಿ ಅಕ್ಕಾರ ಅದರಾಗ?” ಒಳಗೆ ಬಂದವರಲ್ಲಿ ಒಬ್ಬರು ಕೇಳಿಯೇ ಕೇಳಿದರು.

ವೈನಿ ನನ್ನತ್ತ ಒಮ್ಮೆ ಕಣ್ಣು ಕೆಂಪಗೆ ಮಾಡಿದಳು. “ಕೂಸಿಗೆ ಇನ್ನಾ ಹೆಸರಿಟ್ಟಿಲ್ರಿ. ತೊಟ್ಟಲದಾಗ ಹಾಕಿದ ದಿನಾ ಕರೀತೀನಿ, ಎಲ್ಲಾರೂ ಬರ್ರಿ.”

ಎಲ್ಲರೂ ನಕ್ಕರು. ವೈನಿಯ ಮುಖ ಮಾತ್ರ ಬಾಡಿತ್ತು. ಹಂಚಿ ತಿನ್ನುವವರಿಗೆ ಬಚ್ಚಿಡಲು ಕಲಿಸುವ ವಿದ್ಯೆಯೇ ಇದು? ವಕೀಲೆಯನ್ನೇ ಮತ್ತೆ ಕೇಳಿದೆ. ಅಲ್ಲವಂತೆ. ಪೇಟೆಂಟ್ ಎಂದರೆ ಗುಟ್ಟನ್ನೆಲ್ಲ ಬಿಡಿಸಿ ಬರೆದುಕೊಟ್ಟು, ಪ್ರತಿಯಾಗಿ ಕೆಲವು ಕಾಲ ಹಕ್ಕು ಪಡೆಯುವುದು. ಆಮೇಲೆ ಅದು ಎಲ್ಲರ ಸೊತ್ತು. ಇದೆಲ್ಲ ಪುಸ್ತಕದಲ್ಲಿಯೂ ಇದ್ದೀತು. ಆದರೆ ಗೆಳೆಯರೇ, ನಾಳೆ ಮನೆಗೆ ಯಾರನ್ನು ಕರೆದಿದ್ದೀರಿ ಎಂದು ಪುಸ್ತಕ ಕೇಳುವುದಿಲ್ಲ. ಅದಕ್ಕೆ ಚಹಾ ಹಿಡಿದು ನಿಂತ ಮನುಷ್ಯರೇ ಬೇಕು.

ಆ ವಕೀಲೆಯೇ ಮುಂದೆ ನಿಂತು ಅರ್ಜಿ ಹಾಕಿಸಿದರು. ಮರುದಿನವೇ ವೈನಿ ಓಣಿಯನ್ನೆಲ್ಲ ಮತ್ತೆ ಕರೆದಳು. ಚೀಲ ತೆಗೆಯುವ ಮಾನ ಓಣಿಯ ಹಿರಿಯಜ್ಜಿಗೆ ಸಂದಿತು. ಚೀಲ ತೊಳೆಗಳಿಂದ ತುಂಬಿಕೊಂಡು ನನಗೆ ಮರಳಿ ಬಂದಾಗ ಸಮ್ಮೇಳನದ ಹೆಸರಿನ ಮೇಲೆ ಅಂಟಿನ ಕಲೆ ಕೂತಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಪೇಟೆಂಟ್ ಇನ್ನೂ ಬಂದಿಲ್ಲ. ಮೊನ್ನೆ ಇನ್ನೊಂದು ಸಮ್ಮೇಳನದ ಆಹ್ವಾನ ಬಂದ ಸುದ್ದಿ ಕೇಳಿ ವೈನಿ ತಾನಾಗಿ ಫೋನ್ ಮಾಡಿದಳು.

“ಈ ಸರ್ತಿ ನಾನೂ ಬರ್ತೀನಿ. ಆ ಕಲಿ ಬಿದ್ದ ಚೀಲಾನ ತಗೊಂಡ್ ಬಾ. ಅದರ ತುಂಬ ಹಲಸಿನ ಹಪ್ಪಳ ಹಾಕ್ಕೊಡ್ತೀನಿ, ಚಾದ ಪಾಳ್ಯಾಗ ನಿಂತವರಿಗೆಲ್ಲಾ ಹಂಚೂಣು.”